ಬಿಎ ಅರ್ಥಶಾಸ್ತ್ರ: ಮುಂದಿನ ಕೆಲಸಕ್ಕೆ ಹೊಂದುವ ಎಲೆಕ್ಟಿವ್ ಆರಿಸುವುದು ಹೇಗೆ?

ಐದನೇ ಸೆಮಿಸ್ಟರ್ ಹತ್ತಿರ ಬಂದಾಗ ಎಲೆಕ್ಟಿವ್, ಅಂದರೆ ತಾವೇ ಆರಿಸಿಕೊಳ್ಳುವ ಪೇಪರ್ ಬಗ್ಗೆ ಅರ್ಥಶಾಸ್ತ್ರ ಓದುವ ಮಕ್ಕಳು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಯಾವ ಪೇಪರ್ ತಗೊಂಡ್ರೆ ಮಾರ್ಕ್ಸ್ ಬರುತ್ತೆ?" ಸೀನಿಯರ್ ಒಂದು ಹೆಸರು ಹೇಳುತ್ತಾರೆ, ಗೆಳೆಯರೆಲ್ಲ ಅದನ್ನೇ ಬರೆದು ಕೊಡುತ್ತಾರೆ. ತೊಂದರೆ ಗೊತ್ತಾಗುವುದು ಡಿಗ್ರಿ ಮುಗಿದ ಮೇಲೆ. ಎಂಎ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಕೈಕೊಡುತ್ತದೆ. ಕೆಲಸದ ಜಾಹೀರಾತಿನಲ್ಲಿ ರಿಗ್ರೆಶನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಡೇಟಾದಿಂದ ಅಂದಾಜಿಸುವ ವಿಧಾನ) ಗೊತ್ತಿರಬೇಕು ಅಂತ ಇರುತ್ತದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ಸರ್ಕಾರಿ ಪರೀಕ್ಷೆಯ ಅರ್ಹತೆಯಲ್ಲಿ ಒಂದು ಸಾಲು ತಪ್ಪಿರುತ್ತದೆ. ಆ ಒಂದು ಸಾಲಿಗಾಗಿ ಎರಡು ವರ್ಷ ಹೋಗುತ್ತದೆ.

ಈ ಮೂರನ್ನೂ ತಪ್ಪಿಸಬಹುದು. ಕೆಲಸದ ಕ್ರಮ ತಿರುಗಿಸಬೇಕು, ಅಷ್ಟೇ. ಪೇಪರಿನ ಹೆಸರಿನಿಂದ ಶುರು ಮಾಡಬೇಡಿ. ನೀವು ಹೋಗಬೇಕೆಂದಿರುವ ಕಡೆ ಏನು ಕೇಳುತ್ತಾರೆ ಅನ್ನುವುದನ್ನು ಮೊದಲು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಮಧ್ಯದ ಒಂದನ್ನು ಬಿಟ್ಟು ಮುಂದೆ ಹೋದರೆ ಮತ್ತೆ ಊಹೆಯ ಮೇಲೇ ನಿಲ್ಲಬೇಕಾಗುತ್ತದೆ.

## ಕೈಯಲ್ಲಿ ಇರಬೇಕಾದವು

ನೀವು ಸೇರಿದ ವರ್ಷಕ್ಕೆ ಅನ್ವಯವಾಗುವ ಪೂರ್ತಿ ಸಿಲಬಸ್, ಅಂದರೆ ಪ್ರತಿ ಪೇಪರಿನ ಯೂನಿಟ್‌ಗಳ ವಿವರ ಇರುವ ಪ್ರತಿ. ಹಳೆಯ ಪ್ರಶ್ನೆಪತ್ರಿಕೆಗಳು. ನಿಮ್ಮ ಇದುವರೆಗಿನ ಮಾರ್ಕ್ಸ್ ಕಾರ್ಡ್‌ಗಳು. ಒಂದು ನೋಟ್‌ಬುಕ್. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಈ ಕೆಲಸ ನಿಲ್ಲುವುದಿಲ್ಲ.

"ಸೇರಿದ ವರ್ಷ" ಅಂತ ಒತ್ತಿ ಹೇಳಲು ಕಾರಣ ಇದೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಲ್ಲಿ ಸೇರಿದವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಬದಲಾಯಿಸಿತು. ಹೀಗಾಗಿ ಸೀನಿಯರ್ ಕೊಟ್ಟ ಜೆರಾಕ್ಸ್ ಬೇರೆಯೇ ಸಿಲಬಸ್‌ನದ್ದಾಗಿರಬಹುದು. ಹೆಸರು ಅದೇ ಇರುತ್ತದೆ, ಒಳಗಿನ ಯೂನಿಟ್ ಬದಲಾಗಿರುತ್ತದೆ, ಕ್ರೆಡಿಟ್ ಬದಲಾಗಿರುತ್ತದೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಲೆಕ್ಕ ಮತ್ತೊಂದು. ನಿಮ್ಮ ಸಿಲಬಸ್‌ನ ಮೊದಲ ಪುಟದಲ್ಲಿ ಯಾವ ಶೈಕ್ಷಣಿಕ ವರ್ಷದಿಂದ ಜಾರಿ ಅಂತ ಬರೆದಿದೆ ನೋಡಿ. ಅದು ಹೊಂದದಿದ್ದರೆ ಆ ಪ್ರತಿಯನ್ನು ಪಕ್ಕಕ್ಕಿಡಿ.

## ಹಂತ 1: ಎರಡು ದಾರಿ ಆರಿಸಿ, ಅರ್ಹತೆಯ ಸಾಲನ್ನು ಕೈಯಾರೆ ಬರೆದುಕೊಳ್ಳಿ

ಹತ್ತೊಂಬತ್ತು-ಇಪ್ಪತ್ತನೇ ವಯಸ್ಸಿನಲ್ಲಿ ಜೀವನದ ಗುರಿ ಖಚಿತ ಇರಬೇಕು ಅಂತ ಯಾರೂ ಕೇಳುತ್ತಿಲ್ಲ. ಎರಡು ದಾರಿ ಸಾಕು. ಒಂದು, ನಿಮಗೆ ನಿಜವಾಗಿ ಬೇಕಾದದ್ದು. ಇನ್ನೊಂದು, ಅದು ಆಗದಿದ್ದರೆ ಒಪ್ಪಿಗೆಯಾಗುವಂಥದ್ದು. ಮೂರು-ನಾಲ್ಕು ಇಟ್ಟುಕೊಂಡರೆ ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಓದಿ ಯಾವುದಕ್ಕೂ ಪೂರ್ತಿ ಆಗುವುದಿಲ್ಲ.

ಪ್ರತಿ ದಾರಿಗೂ ಒಂದು ಅಧಿಕೃತ ಕಾಗದ ಹುಡುಕಿ. ಪರೀಕ್ಷೆಯಾದರೆ ಕಳೆದ ವರ್ಷದ ಅಧಿಸೂಚನೆ. ಕೆಲಸವಾದರೆ ಬೆಂಗಳೂರಿನ ಐದಾರು ಜಾಹೀರಾತುಗಳು. ಅದರಲ್ಲಿ ವಿದ್ಯಾರ್ಹತೆ ಅನ್ನುವ ಭಾಗವನ್ನು ಇದ್ದಂತೆಯೇ ನೋಟ್‌ಬುಕ್ಕಿಗೆ ಇಳಿಸಿ. ಸಾರಾಂಶ ಬರೆಯಬೇಡಿ. ತಪ್ಪು ಆಗುವುದು ಸಾರಾಂಶದಲ್ಲೇ.

ಉದಾಹರಣೆಗೆ ಯುಪಿಎಸ್‌ಸಿ ನಡೆಸುವ ಎರಡು ಪರೀಕ್ಷೆ ನೋಡಿ. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸೇವೆಗೆ ಬರೀ ಡಿಗ್ರಿ ಸಾಕು, ಆದರೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು. ಎರಡಕ್ಕೂ ಒಂದೇ ಅಧಿಸೂಚನೆ ಬರುತ್ತದೆ, ಹಾಗಾಗಿ ಎರಡೂ ಒಂದೇ ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಅರ್ಥಶಾಸ್ತ್ರದ ಜೊತೆ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡವರು ಡಿಗ್ರಿ ಆದ ಕೂಡಲೇ ಎರಡನೆಯದನ್ನು ಬರೆಯಬಹುದು. ಇತಿಹಾಸ, ರಾಜ್ಯಶಾಸ್ತ್ರದ ಜೊತೆ ಅರ್ಥಶಾಸ್ತ್ರ ಓದಿದವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಎಚ್ಚರಿಕೆ: ಅರ್ಥಶಾಸ್ತ್ರ ವಿಭಾಗ ಕೊಡುವ "ಅರ್ಥಶಾಸ್ತ್ರಜ್ಞರಿಗೆ ಸಂಖ್ಯಾಶಾಸ್ತ್ರ" ಎಂಬ ಒಂದೇ ಪೇಪರ್ ಓದಿ "ನನಗೆ ಸಂಖ್ಯಾಶಾಸ್ತ್ರ ಇದೆ" ಅಂದುಕೊಳ್ಳಬೇಡಿ. ಒಂದು ಪೇಪರ್ ಬೇರೆ, ಒಂದು ವಿಷಯ ಬೇರೆ. ಅಧಿಸೂಚನೆಯ ಪದಗಳನ್ನೂ ಮಾರ್ಕ್ಸ್ ಕಾರ್ಡ್‌ನ ಪದಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

## ಹಂತ 2: ನಿಮ್ಮ ಕೈಯಲ್ಲಿ ಎಷ್ಟು ಆಯ್ಕೆ ಇದೆ ಎಣಿಸಿ

ಪಟ್ಟಿಯಲ್ಲಿ ಹತ್ತು ಎಲೆಕ್ಟಿವ್ ಇರಬಹುದು. ನಿಮಗೆ ಸಿಗುವುದು ಎರಡೋ ನಾಲ್ಕೋ. ಸಿಲಬಸ್‌ನಲ್ಲಿ ಸೆಮಿಸ್ಟರ್‌ವಾರು ಕೋಷ್ಟಕ ಇರುತ್ತದೆ. ಅದರಲ್ಲಿ ಕಡ್ಡಾಯ ಪೇಪರ್‌ಗಳನ್ನು ಒಂದು ಬಣ್ಣದಲ್ಲಿ, ವಿಷಯದೊಳಗಿನ ಎಲೆಕ್ಟಿವ್‌ಗಳನ್ನು ಇನ್ನೊಂದು ಬಣ್ಣದಲ್ಲಿ, ಬೇರೆ ವಿಭಾಗದಿಂದ ತೆಗೆದುಕೊಳ್ಳಬಹುದಾದ ಓಪನ್ ಎಲೆಕ್ಟಿವ್‌ಗಳನ್ನು ಮತ್ತೊಂದರಲ್ಲಿ ಗುರುತು ಮಾಡಿ.

ಓಪನ್ ಎಲೆಕ್ಟಿವ್ ಅನ್ನು ಹಗುರವಾಗಿ ತೆಗೆದುಕೊಳ್ಳುವವರೇ ಜಾಸ್ತಿ. ಹಾಗೆ ಮಾಡಬೇಡಿ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್, ಅಕೌಂಟೆನ್ಸಿ ವಿಭಾಗದ ಪೇಪರ್ ನಿಮ್ಮ ಕಾಲೇಜಿನಲ್ಲಿ ಓಪನ್ ಎಲೆಕ್ಟಿವ್ ಆಗಿ ಸಿಕ್ಕರೆ, ನಿಮ್ಮ ವಿಭಾಗ ತುಂಬಲಾಗದ ಖಾಲಿ ಜಾಗ ಅಲ್ಲೇ ತುಂಬುತ್ತದೆ.

ನಿಮ್ಮದು ಮೂರು ವರ್ಷದ ಪದವಿಯೋ ನಾಲ್ಕು ವರ್ಷದ ಆನರ್ಸೋ ಅನ್ನುವುದನ್ನೂ ಇಲ್ಲೇ ಬರೆದಿಡಿ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರಕ್ಕೆ ನಾಲ್ಕು ವರ್ಷದ ಪದವಿ ಕೇಳುತ್ತವೆ. ವಿದೇಶದ ಕನಸು ಇದ್ದರೆ ಎಲೆಕ್ಟಿವ್‌ಗಿಂತ ಮೊದಲು ಇದು ಇತ್ಯರ್ಥವಾಗಬೇಕು.

## ಹಂತ 3: ಗಣಿತದಲ್ಲಿ ಎಲ್ಲಿದ್ದೀರಿ ಅಂತ ಪರೀಕ್ಷಿಸಿಕೊಳ್ಳಿ

ಪಿಯುಸಿಯಲ್ಲಿ ಎಂಇಬಿಎ ಅಥವಾ ಸೆಬಾ ಓದಿದವರಿಗೆ ಬೇಸಿಕ್ ಮ್ಯಾತ್ಸ್ ಇಲ್ಲವೇ ಸಂಖ್ಯಾಶಾಸ್ತ್ರದ ಪರಿಚಯ ಇರುತ್ತದೆ. ಹೆಬಾ, ಎಚ್‌ಇಪಿಎಸ್ ಕಡೆಯಿಂದ ಬಂದವರು ಎಸ್ಸೆಸ್ಸೆಲ್ಸಿ ನಂತರ ಗಣಿತ ಮುಟ್ಟಿರುವುದಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಎಲ್ಲಿ ನಿಂತಿದ್ದೀರಿ ಅಂತ ಗೊತ್ತಿಲ್ಲದೆ ಪೇಪರ್ ಆರಿಸಿದರೆ ಪೆಟ್ಟು ಬೀಳುತ್ತದೆ.

ಒಂದು ಚಿಕ್ಕ ಲೆಕ್ಕ ಮಾಡಿ. ಒಬ್ಬ ಗ್ರಾಹಕನ ಬಳಿ 120 ರೂಪಾಯಿ ಇದೆ. ಮೊದಲ ವಸ್ತುವಿನ ಬೆಲೆ 2 ರೂಪಾಯಿ, ಎರಡನೆಯದರ ಬೆಲೆ 3 ರೂಪಾಯಿ. ಅವನ ತೃಪ್ತಿ ಎರಡೂ ವಸ್ತುಗಳ ಪ್ರಮಾಣದ ಗುಣಲಬ್ಧ. ತೃಪ್ತಿ ಅತಿ ಹೆಚ್ಚಾಗಲು ಎರಡನ್ನೂ ಎಷ್ಟೆಷ್ಟು ಕೊಳ್ಳಬೇಕು? ಉತ್ತರ 30 ಮತ್ತು 20.

ಲಗ್ರಾಂಜ್ ವಿಧಾನದಲ್ಲಿ ಹಂತ ಹಂತವಾಗಿ ಬರೆದು ಈ ಉತ್ತರಕ್ಕೆ ಬಂದರೆ ಮ್ಯಾತಮ್ಯಾಟಿಕಲ್ ಎಕನಾಮಿಕ್ಸ್, ಗೇಮ್ ಥಿಯರಿ, ಎಕನಾಮೆಟ್ರಿಕ್ಸ್ (ಡೇಟಾದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಯಾವುದನ್ನಾದರೂ ಧೈರ್ಯವಾಗಿ ತೆಗೆದುಕೊಳ್ಳಿ. ಡಿಫರೆನ್ಷಿಯೇಷನ್ ಗೊತ್ತು, ಆದರೆ ಇಲ್ಲಿ ಹೇಗೆ ಬಳಸುವುದು ಅಂತ ತಿಳಿಯಲಿಲ್ಲ ಅನ್ನುವವರಿಗೆ ಒಂದು ರಜೆಯ ತಯಾರಿ ಬೇಕು. ಪ್ರಶ್ನೆಯೇ ಅರ್ಥವಾಗಲಿಲ್ಲ ಅಂದರೆ ಈ ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರದ ಮೂಲ ಪೇಪರ್ ತೆಗೆದುಕೊಂಡು, ಎಕನಾಮೆಟ್ರಿಕ್ಸ್ ಮುಂದಿನ ಸೆಮಿಸ್ಟರ್‌ಗೆ ಇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಗಣಿತದ ಪೇಪರ್‌ಗಳಿಗೆ ಇಂಗ್ಲಿಷ್ ಕಷ್ಟ ಅಂತ ಹೆದರಿ, ಪೂರ್ತಿ ಪ್ರಬಂಧ ರೂಪದ ಪೇಪರ್ ಆರಿಸುತ್ತಾರೆ. ಆಗುವುದು ಉಲ್ಟಾ. ಸಮೀಕರಣದ ಪೇಪರ್‌ನಲ್ಲಿ ಓದಬೇಕಾದ ಇಂಗ್ಲಿಷ್ ಕಡಿಮೆ, ಪದಗಳೂ ಮತ್ತೆ ಮತ್ತೆ ಅವೇ ಬರುತ್ತವೆ. ಭಾಷೆಯ ಹೆದರಿಕೆಯಿಂದ ಗಣಿತ ಬಿಡಬೇಡಿ.

## ಹಂತ 4: ಯಾವುದರ ನಂತರ ಯಾವುದು

ಎಲೆಕ್ಟಿವ್‌ಗಳು ಬಿಡಿಬಿಡಿಯಾಗಿ ಕಂಡರೂ ಅವುಗಳಲ್ಲಿ ಒಂದು ಸಾಲು ಇದೆ. ಸಿಲಬಸ್ ಈ ಸಾಲನ್ನು ಯಾವಾಗಲೂ ಹೇಳುವುದಿಲ್ಲ.

ಸಂಖ್ಯಾಶಾಸ್ತ್ರ ಮೊದಲು, ಎಕನಾಮೆಟ್ರಿಕ್ಸ್ ಆಮೇಲೆ. ಹೈಪಾಥಿಸಿಸ್ ಟೆಸ್ಟಿಂಗ್ ಅಂದರೇನು ಅಂತ ಗೊತ್ತಿಲ್ಲದೆ ರಿಗ್ರೆಶನ್‌ಗೆ ಹೋದರೆ ಸೂತ್ರ ಬಾಯಿಪಾಠ ಮಾಡುವುದೊಂದೇ ಉಳಿಯುತ್ತದೆ. ಮೈಕ್ರೊ ಗಟ್ಟಿಯಾದ ಮೇಲೆ ಗೇಮ್ ಥಿಯರಿ, ಕೈಗಾರಿಕಾ ಅರ್ಥಶಾಸ್ತ್ರ, ಪರಿಸರ ಅರ್ಥಶಾಸ್ತ್ರ. ಮ್ಯಾಕ್ರೊ ನಂತರ ಹಣ ಮತ್ತು ಬ್ಯಾಂಕಿಂಗ್, ಆಮೇಲೆ ಅಂತರರಾಷ್ಟ್ರೀಯ ಹಣಕಾಸು. ಅಭಿವೃದ್ಧಿ ಅರ್ಥಶಾಸ್ತ್ರ, ಕೃಷಿ ಅರ್ಥಶಾಸ್ತ್ರ, ಕರ್ನಾಟಕದ ಆರ್ಥಿಕತೆ ಇವುಗಳನ್ನು ಯಾವಾಗ ಬೇಕಾದರೂ ಓದಬಹುದು. ಆದರೆ ಸ್ವಲ್ಪ ಸಂಖ್ಯಾಶಾಸ್ತ್ರ ಗೊತ್ತಿದ್ದು ಓದಿದರೆ ಇವುಗಳಿಂದ ಸಿಗುವುದು ಎರಡರಷ್ಟು.

ಸಾಮಾನ್ಯ ತಪ್ಪು: ಕಷ್ಟದ್ದನ್ನೆಲ್ಲ ಆರನೇ ಸೆಮಿಸ್ಟರ್‌ಗೆ ತಳ್ಳುವುದು. ಆರನೇ ಸೆಮಿಸ್ಟರ್‌ನಲ್ಲಿ ಪ್ರವೇಶ ಪರೀಕ್ಷೆ, ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಅದಕ್ಕಿಂತ ಮುಖ್ಯವಾಗಿ, ಎಂಎ ಪ್ರವೇಶ ಪರೀಕ್ಷೆಗಳಲ್ಲಿ ಕೆಲವು ವರ್ಷದ ಶುರುವಿನಲ್ಲೇ ಮುಗಿಯುತ್ತವೆ. ಐಐಟಿಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಐಐಟಿ ಜಾಮ್ ನಡೆಯುವುದು ಫೆಬ್ರವರಿಯಲ್ಲಿ. ಆರನೇ ಸೆಮಿಸ್ಟರ್‌ನಲ್ಲಿ ಕಲಿಯುವುದು ಆ ಪರೀಕ್ಷೆಗೆ ಸಿಗುವುದೇ ಇಲ್ಲ. ಗಣಿತ, ಸಂಖ್ಯಾಶಾಸ್ತ್ರದ ಭಾರ ಐದನೇ ಸೆಮಿಸ್ಟರ್ ಒಳಗೆ ಮುಗಿಯುವಂತೆ ಇಟ್ಟುಕೊಳ್ಳಿ.

## ಹಂತ 5: ದಾರಿಗೆ ತಕ್ಕ ಪೇಪರ್

ಹಂತ 1ರಲ್ಲಿ ಬರೆದ ಎರಡು ದಾರಿಯನ್ನು ಈಗ ತೆಗೆಯಿರಿ. ಇಲ್ಲಿ ನಿಮಗೆ ಸಂಬಂಧಿಸಿದ್ದನ್ನು ಮಾತ್ರ ಓದಿದರೂ ಸಾಕು.

ಎಂಎ, ಎಂಎಸ್ಸಿ, ಮುಂದೆ ಸಂಶೋಧನೆ. ಮೊದಲ ಆಯ್ಕೆ ಮ್ಯಾತಮ್ಯಾಟಿಕಲ್ ಎಕನಾಮಿಕ್ಸ್, ಎರಡನೆಯದು ಎಕನಾಮೆಟ್ರಿಕ್ಸ್. ಇದರಲ್ಲಿ ರಾಜಿ ಬೇಡ. ಐಐಟಿ ಜಾಮ್‌ನ ಅರ್ಥಶಾಸ್ತ್ರ ಪತ್ರಿಕೆಯ ಪಠ್ಯದಲ್ಲಿ ಮೈಕ್ರೊ, ಮ್ಯಾಕ್ರೊ, ಸಂಖ್ಯಾಶಾಸ್ತ್ರ, ಭಾರತದ ಆರ್ಥಿಕತೆ, ಗಣಿತ ಎಂದು ಐದು ಭಾಗ. ಅಂದರೆ ಐದರಲ್ಲಿ ಎರಡು ಭಾಗ ಎಣಿಕೆಯ ಕಡೆಯದೇ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂಎಸ್‌ಕ್ಯುಇ (ಕ್ವಾಂಟಿಟೇಟಿವ್ ಎಕನಾಮಿಕ್ಸ್ ಸ್ನಾತಕೋತ್ತರ) ಪ್ರವೇಶಕ್ಕೆ ಗಣಿತ ಇನ್ನೂ ಗಟ್ಟಿ ಇರಬೇಕು. ಮೂರನೇ ಜಾಗ ಉಳಿದರೆ ನಿಮಗೆ ಇಷ್ಟವಾದ ಒಂದು ಕ್ಷೇತ್ರ: ಅಭಿವೃದ್ಧಿ, ಕಾರ್ಮಿಕ, ಪರಿಸರ, ಯಾವುದಾದರೂ ಸರಿ. ಬೆಂಗಳೂರಿನಲ್ಲಿ ಇರುವವರಿಗೆ ಇದರಲ್ಲಿ ಒಂದು ಅನುಕೂಲ ಇದೆ. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್ ನಾಗರಭಾವಿಯಲ್ಲಿದೆ. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಜ್ಞಾನಭಾರತಿ ಕಡೆ ಇದೆ. ಸಾರ್ವಜನಿಕ ಉಪನ್ಯಾಸ ಇದ್ದ ದಿನ ಹೋಗಿ ಕುಳಿತು ಕೇಳಿ. ಮಾತು ನಿಮ್ಮ ಮನಸ್ಸನ್ನು ಹಿಡಿಯುತ್ತದೋ ಇಲ್ಲವೋ ಅಂತ ಒಂದು ಸಂಜೆಯಲ್ಲೇ ತಿಳಿಯುತ್ತದೆ.

ಆರ್ಥಿಕ ಸೇವೆ, ರಿಸರ್ವ್ ಬ್ಯಾಂಕ್. ಎರಡಕ್ಕೂ ಎಂಎ ಆಗಲೇಬೇಕು. ಭಾರತೀಯ ಆರ್ಥಿಕ ಸೇವೆಯಂತೆಯೇ ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಗ್ರೇಡ್ ಬಿ ಹುದ್ದೆಗೂ ಸ್ನಾತಕೋತ್ತರ ಪದವಿ ಬೇಕು. ಆದರೂ ಡಿಗ್ರಿಯ ಎಲೆಕ್ಟಿವ್ ಇಲ್ಲಿ ಚೆನ್ನಾಗಿ ನೆರವಾಗುತ್ತದೆ. ಆರ್ಥಿಕ ಸೇವೆಯ ಪರೀಕ್ಷೆಯಲ್ಲಿ ಅರ್ಥಶಾಸ್ತ್ರದ ನಾಲ್ಕು ಪತ್ರಿಕೆ, ತಲಾ 200 ಅಂಕ. ಮೊದಲನೆಯದರಲ್ಲಿ ಮೈಕ್ರೊ ಜೊತೆ ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಇದೆ. ಮೂರನೆಯದರಲ್ಲಿ ಸಾರ್ವಜನಿಕ ಹಣಕಾಸು, ಪರಿಸರ ಅರ್ಥಶಾಸ್ತ್ರ, ಕೈಗಾರಿಕಾ ಅರ್ಥಶಾಸ್ತ್ರ. ನಿಮ್ಮ ಕಾಲೇಜಿನ ಪಟ್ಟಿಯಲ್ಲಿ ಈ ಮೂರರಲ್ಲಿ ಯಾವುದು ಇದ್ದರೂ ಅದು ನೇರ ಲಾಭ. ಉತ್ತರ ಇಂಗ್ಲಿಷ್‌ನಲ್ಲೇ ಬರೆಯಬೇಕು, ಅದಕ್ಕೆ ಈಗಿನಿಂದಲೇ ಅಭ್ಯಾಸ ಬೇಕು. ಹುದ್ದೆಗಳ ಸಂಖ್ಯೆ ಬಹಳ ಕಡಿಮೆ, ಹಾಗಾಗಿ ನಿಮ್ಮ ಎರಡನೇ ದಾರಿಯನ್ನು ಇದಕ್ಕೆ ಹತ್ತಿರದಲ್ಲೇ ಇಟ್ಟುಕೊಳ್ಳಿ.

ಐಎಎಸ್, ಐಪಿಎಸ್ ಕಡೆಯವರು. ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ ಎರಡು ಪತ್ರಿಕೆ, ಒಟ್ಟು 500 ಅಂಕ. ಅರ್ಥಶಾಸ್ತ್ರವನ್ನೇ ಐಚ್ಛಿಕ ಮಾಡಿಕೊಳ್ಳುವವರು ಹಣ ಮತ್ತು ಬ್ಯಾಂಕಿಂಗ್, ಅಂತರರಾಷ್ಟ್ರೀಯ ಅರ್ಥಶಾಸ್ತ್ರ, ಭಾರತದ ಆರ್ಥಿಕತೆ ತೆಗೆದುಕೊಳ್ಳಲಿ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಐಚ್ಛಿಕ ಬೇರೆ ವಿಷಯ ಅಂತ ನಿರ್ಧರಿಸಿದ್ದರೆ ಎಲೆಕ್ಟಿವ್‌ನಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆಗ ಎರಡನೇ ದಾರಿಗೆ ಬೇಕಾದ ಪೇಪರ್ ತೆಗೆದುಕೊಳ್ಳುವುದೇ ಜಾಣತನ. ಪರೀಕ್ಷೆ ಆಗದಿದ್ದರೂ ಕೈಯಲ್ಲಿ ಒಂದು ಕೆಲಸ ಗೊತ್ತಿರುತ್ತದೆ.

ಡೇಟಾ, ಅನಲಿಟಿಕ್ಸ್. ಬೆಂಗಳೂರಿನಲ್ಲಿ ಡಿಗ್ರಿ ಮುಗಿಸಿದ ಅರ್ಥಶಾಸ್ತ್ರದವರಿಗೆ ನೇರ ಕೆಲಸ ಸಿಗುವ ದೊಡ್ಡ ದಾರಿ ಇದು. ಮಾನ್ಯತಾ, ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್ ಕಡೆಯ ಬ್ಯಾಂಕ್, ರೀಟೇಲ್, ಕನ್ಸಲ್ಟಿಂಗ್ ಕಂಪನಿಗಳ ಜಾಹೀರಾತು ಓದಿ ನೋಡಿ. ಎಕ್ಸೆಲ್, ಎಸ್‌ಕ್ಯುಎಲ್, ಪೈಥಾನ್ ಅಥವಾ ಆರ್, ರಿಗ್ರೆಶನ್. ಈ ನಾಲ್ಕು ಪದ ತಿರುಗಾ ಮುರುಗಾ ಬರುತ್ತವೆ. ಎಕನಾಮೆಟ್ರಿಕ್ಸ್ ಇಲ್ಲಿ ಮೊದಲ ಆಯ್ಕೆ, ಆದರೆ ಲ್ಯಾಬ್ ಇರುವ ಎಕನಾಮೆಟ್ರಿಕ್ಸ್. ಎರಡನೆಯದು ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ವಿಭಾಗದ ಓಪನ್ ಎಲೆಕ್ಟಿವ್. ಮೂರನೆಯದು ಕೈಗಾರಿಕಾ ಅರ್ಥಶಾಸ್ತ್ರ ಅಥವಾ ಗೇಮ್ ಥಿಯರಿ. ಬೆಲೆ ನಿಗದಿ, ಪೈಪೋಟಿ, ಗ್ರಾಹಕರ ವರ್ತನೆ ಬಗ್ಗೆ ಯೋಚಿಸುವ ರೀತಿ ಅಲ್ಲಿ ಸಿಗುತ್ತದೆ. ಕೋಡಿಂಗ್ ಮಾತ್ರ ಕಲಿತವರ ಮುಂದೆ ಅರ್ಥಶಾಸ್ತ್ರದವರ ಬೆಲೆ ಇರುವುದು ಅಲ್ಲೇ.

ನೀತಿ ಸಂಶೋಧನೆ, ಎನ್‌ಜಿಒ. ಸಾರ್ವಜನಿಕ ಹಣಕಾಸು ಮೊದಲು. ಬಜೆಟ್ ಓದಲು ಬರದೆ ಈ ಕ್ಷೇತ್ರದಲ್ಲಿ ಒಂದು ಹೆಜ್ಜೆ ಇಡಲಾಗುವುದಿಲ್ಲ. ಜೊತೆಗೆ ಅಭಿವೃದ್ಧಿ ಅರ್ಥಶಾಸ್ತ್ರ ಮತ್ತು ಎಕನಾಮೆಟ್ರಿಕ್ಸ್. ಕರ್ನಾಟಕದ ಆರ್ಥಿಕತೆ ಎಂಬ ಪೇಪರ್ ಇದ್ದರೆ ಬಿಡಬೇಡಿ. ರಾಜ್ಯ ಸರ್ಕಾರದ ಆರ್ಥಿಕ ಸಮೀಕ್ಷೆ ಪ್ರತಿ ವರ್ಷ ಬರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಈ ಪೇಪರ್ ಓದಿದವರು ಸಂದರ್ಶನದಲ್ಲಿ ಬೇರೆಯವರಿಗಿಂತ ಎದ್ದು ಕಾಣುತ್ತಾರೆ. ಹಳ್ಳಿಗೆ ಹೋಗಿ ಕನ್ನಡದಲ್ಲಿ ಸರ್ವೆ ಮಾಡಬಲ್ಲ, ಬಂದು ಆ ಡೇಟಾ ವಿಶ್ಲೇಷಿಸಬಲ್ಲ ಹುಡುಗ-ಹುಡುಗಿಯರು ಈ ಕೆಲಸಕ್ಕೆ ನಿಜವಾಗಿ ಬೇಕು.

ಬ್ಯಾಂಕ್, ಫೈನಾನ್ಸ್, ವಿಮೆ. ಐಬಿಪಿಎಸ್ ಪಿಒ ಪರೀಕ್ಷೆಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ಎಲೆಕ್ಟಿವ್ ಸಹಾಯಕ್ಕೆ ಬರುವುದು ಸಾಮಾನ್ಯ ಜ್ಞಾನದ ಭಾಗಕ್ಕೆ, ಸಂದರ್ಶನಕ್ಕೆ. ಹಣ ಮತ್ತು ಬ್ಯಾಂಕಿಂಗ್ ಸಾಕು. ಫೈನಾನ್ಸ್ ಕಂಪನಿ ಅಂದರೆ ಫೈನಾನ್ಷಿಯಲ್ ಎಕನಾಮಿಕ್ಸ್ ಜೊತೆ ಅಕೌಂಟೆನ್ಸಿ ಬೇಕೇ ಬೇಕು. ಬ್ಯಾಲೆನ್ಸ್ ಶೀಟ್ ಓದಲು ಬರದ ಅರ್ಥಶಾಸ್ತ್ರದವರು ಬಿಕಾಂ ಮಕ್ಕಳ ಮುಂದೆ ಹಿಂದೆ ಬೀಳುತ್ತಾರೆ. ಆಕ್ಚುವರಿ (ವಿಮೆಯ ಅಪಾಯ ಲೆಕ್ಕ ಹಾಕುವ ತಜ್ಞ) ಆಗುವ ಆಸೆ ಇದ್ದರೆ ಸಂಭವನೀಯತೆ, ಸಂಖ್ಯಾಶಾಸ್ತ್ರ ಗಟ್ಟಿ ಮಾಡಿ. ಅದರ ಪ್ರವೇಶ ಪರೀಕ್ಷೆಯಾದ ಎಸೆಟ್ ಅನ್ನು ಹನ್ನೆರಡನೇ ತರಗತಿ ಮುಗಿಸಿದವರೇ ಬರೆಯಬಹುದು, ಡಿಗ್ರಿ ಮುಗಿಯುವವರೆಗೆ ಕಾಯಬೇಕಿಲ್ಲ.

ಎಂಬಿಎ, ಕಾನೂನು. ಕ್ಯಾಟ್ ನಿಮ್ಮ ಎಲೆಕ್ಟಿವ್ ಕೇಳುವುದಿಲ್ಲ. ಆದರೆ ಐಐಎಂ ಬೆಂಗಳೂರು ಶಾರ್ಟ್‌ಲಿಸ್ಟ್ ಮಾಡುವಾಗ 10ನೇ, 12ನೇ ತರಗತಿ ಅಂಕಗಳ ಜೊತೆ ಡಿಗ್ರಿ ಅಂಕಗಳಿಗೂ ತೂಕ ಕೊಡುತ್ತದೆ. ಹಾಗಾಗಿ ನಿಮಗೆ ನಿಜವಾಗಿ ಇಷ್ಟವಾಗಿ, ಅಂಕ ಬರುವ ಪೇಪರ್ ತೆಗೆದುಕೊಂಡರೆ ಇಲ್ಲಿ ತಪ್ಪಿಲ್ಲ. ಕಾನೂನಿಗೂ ಇದೇ ಮಾತು.

ಪಿಯು ಅಥವಾ ಡಿಗ್ರಿ ಕಾಲೇಜಿನಲ್ಲಿ ಪಾಠ. ಎಂಎ ನಂತರದ ವಿಷಯ. ಡಿಗ್ರಿ ಕಾಲೇಜಿಗೆ ಉಪನ್ಯಾಸಕರ ಅರ್ಹತಾ ಪರೀಕ್ಷೆ: ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್. ವಿಷಯದ ಎಲ್ಲ ಭಾಗವೂ ಸ್ವಲ್ಪ ಗೊತ್ತಿರಬೇಕಾದ ಪರೀಕ್ಷೆ ಅದು. ಒಂದೇ ಬಗೆಯ ಎಲೆಕ್ಟಿವ್ ತೆಗೆದುಕೊಳ್ಳದೆ ಒಂದು ಗಣಿತದ ಕಡೆಯದು, ಒಂದು ನೀತಿಯ ಕಡೆಯದು ಅಂತ ಹಂಚಿಕೊಳ್ಳಿ.

## ಹಂತ 6: ಹೆಸರು ಮುಚ್ಚಿ, ಯೂನಿಟ್ ಓದಿ

ಈಗ ನಿಮ್ಮ ಬಳಿ ಮೂರ್ನಾಲ್ಕು ಹೆಸರು ಇವೆ. ಪ್ರತಿಯೊಂದರ ಯೂನಿಟ್ ವಿವರ ಮತ್ತು ಹಳೆಯ ಪ್ರಶ್ನೆಪತ್ರಿಕೆ ಪಕ್ಕಪಕ್ಕ ಇಡಿ. ಒಂದೇ ಹೆಸರಿನ ಪೇಪರ್ ಎರಡು ವಿಶ್ವವಿದ್ಯಾಲಯದಲ್ಲಿ ಎರಡು ಬೇರೆ ವಸ್ತು ಆಗಿರುತ್ತದೆ.

ಎಕನಾಮೆಟ್ರಿಕ್ಸ್ ತೆಗೆದುಕೊಳ್ಳಿ. ಒಂದು ಪ್ರಶ್ನೆಪತ್ರಿಕೆ ಹೀಗೆ ಕೇಳುತ್ತದೆ: "ಮಲ್ಟಿಕೊಲಿನಿಯಾರಿಟಿ ಎಂದರೇನು? ಅದರ ಪರಿಣಾಮಗಳನ್ನು ವಿವರಿಸಿ." ಇನ್ನೊಂದು ಒಂದು ಫಲಿತಾಂಶದ ಕೋಷ್ಟಕ ಕೊಟ್ಟು ಕೇಳುತ್ತದೆ: "ಕೂಲಿಯ ಲಾಗ್ ಮೌಲ್ಯವನ್ನು ಶಾಲೆಯಲ್ಲಿ ಕಳೆದ ವರ್ಷಗಳ ಮೇಲೆ ರಿಗ್ರೆಸ್ ಮಾಡಲಾಗಿದೆ. ಗುಣಾಂಕ 0.08. ಇದರ ಅರ್ಥವೇನು? ಇದನ್ನು ನಂಬಬಹುದೇ?" ಒಂದು ವರ್ಷ ಹೆಚ್ಚು ಓದಿದವರ ಕೂಲಿ ಸುಮಾರು ಶೇ 8ರಷ್ಟು ಜಾಸ್ತಿ ಇದೆ ಅನ್ನುವುದು ಉತ್ತರದ ಅರ್ಧ. ಅದು ಓದಿನಿಂದಲೇ ಬಂತಾ, ಅಥವಾ ಓದಿಸಲು ಶಕ್ತಿ ಇದ್ದ ಮನೆಯಿಂದ ಬಂತಾ ಅಂತ ಕೇಳುವುದು ಇನ್ನರ್ಧ. ಮೊದಲ ಪತ್ರಿಕೆಯಲ್ಲಿ 80 ಅಂಕ ತೆಗೆದವರಿಗೂ ಕೆಲಸದ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ಉತ್ತರ ಬರದೇ ಇರಬಹುದು.

ನಿಮ್ಮ ವಿಶ್ವವಿದ್ಯಾಲಯದ್ದು ಮೊದಲ ಬಗೆಯದಾಗಿದ್ದರೆ ಪೇಪರ್ ಬಿಡಬೇಕು ಅಂತ ಅಲ್ಲ. ಲ್ಯಾಬ್ ಕೆಲಸವನ್ನು ನೀವೇ ಮಾಡಿಕೊಳ್ಳಬೇಕು ಅಂತ ಅರ್ಥ. ಅದಕ್ಕೆ ಹಂತ 9 ನೋಡಿ.

ಎಚ್ಚರಿಕೆಯ ಲಕ್ಷಣಗಳು: ಐದು ವರ್ಷದ ಪ್ರಶ್ನೆಪತ್ರಿಕೆಯಲ್ಲಿ ಒಂದೂ ಲೆಕ್ಕ ಇಲ್ಲದ "ಕ್ವಾಂಟಿಟೇಟಿವ್" ಪೇಪರ್. ಜಿಎಸ್‌ಟಿ ಬಂದದ್ದು 2017ರಲ್ಲಿ, ಆದರೂ ಅದರ ಹೆಸರೇ ಇಲ್ಲದ ಸಾರ್ವಜನಿಕ ಹಣಕಾಸಿನ ಸಿಲಬಸ್. ಕಡ್ಡಾಯ ಪೇಪರಿನ ಯೂನಿಟ್‌ಗಳನ್ನೇ ಬೇರೆ ಹೆಸರಿನಲ್ಲಿ ಮತ್ತೆ ಹಾಕಿರುವ ಎಲೆಕ್ಟಿವ್. ಕೊನೆಯದು ಅಂಕಕ್ಕೆ ಆರಾಮ, ಆದರೆ ಸಿಕ್ಕ ಒಂದು ಜಾಗ ಹಾಳು.

## ಹಂತ 7: ಆ ಪೇಪರ್ ನಿಜವಾಗಿ ನಡೆಯುತ್ತದಾ?

ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಕಾಲೇಜಿನಲ್ಲಿ ನಡೆಯುತ್ತದೆ ಅಂತ ಇಲ್ಲ. ಸಾಕಷ್ಟು ಮಕ್ಕಳು ಸೇರದಿದ್ದರೆ, ಪಾಠ ಮಾಡುವವರು ಇಲ್ಲದಿದ್ದರೆ ಪೇಪರ್ ಕೈಬಿಡುತ್ತಾರೆ. ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಈ ಮೂರು ಕೇಳಿ: "ಸರ್, ಕಳೆದ ವರ್ಷ ಈ ಪೇಪರ್ ನಡೆದಿತ್ತಾ? ಯಾರು ಪಾಠ ಮಾಡ್ತಾರೆ? ಎಷ್ಟು ಜನ ಸೇರಬೇಕು?" ಮೇಡಂ ಆದರೂ ಸರ್ ಆದರೂ, ಸಿಲಬಸ್ ಓದಿ ಬಂದ ಹುಡುಗರಿಗೆ ಕೂರಿಸಿಕೊಂಡು ಹೇಳುತ್ತಾರೆ. ಬರಿಗೈಯಲ್ಲಿ ಹೋಗಿ "ಯಾವುದು ತಗೋಬೇಕು ಮೇಡಂ?" ಅಂದರೆ ಸಿಗುವುದು ಸಾಮಾನ್ಯ ಉತ್ತರವೇ.

ಸರ್ಕಾರಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರ ನೇಮಕ ತಡವಾದರೆ ಪಾಠ ಶುರುವಾಗುವುದೂ ತಡ. ಗಣಿತದ ಪೇಪರ್‌ಗೆ ಇದು ದೊಡ್ಡ ಹೊಡೆತ, ಯಾಕೆಂದರೆ ಕೊನೆಯ ಒಂದು ತಿಂಗಳಲ್ಲಿ ಅದನ್ನು ತುಂಬಿಕೊಳ್ಳಲಾಗುವುದಿಲ್ಲ. ಪಾಠ ಮಾಡುವವರು ಇನ್ನೂ ನಿಗದಿಯಾಗಿಲ್ಲ ಅಂತ ಗೊತ್ತಾದರೆ ಮೊದಲ ವಾರದಿಂದಲೇ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣವಾದ ಸ್ವಯಂ ಪೋರ್ಟಲ್‌ನ ಪಾಠಗಳನ್ನು ಜೊತೆಗೆ ನೋಡುತ್ತಾ ಹೋಗಿ.

ಪೇಪರ್ ನಡೆಸಲು ಮಕ್ಕಳ ಸಂಖ್ಯೆಯೇ ಅಡ್ಡಿಯಾದರೆ ನೀವೇ ಓಡಾಡಬೇಕು. ಕ್ಲಾಸಿನಲ್ಲಿ ಆಸಕ್ತಿ ಇರುವವರ ಹೆಸರು, ರಿಜಿಸ್ಟರ್ ನಂಬರ್ ಬರೆಸಿ, ಸಹಿ ಹಾಕಿಸಿ, ಅರ್ಜಿ ಕೊಡಿ. ಫಾರಂ ಕೊನೆಯ ದಿನಕ್ಕಿಂತ ಮೊದಲು ಕೊಟ್ಟರೆ ಮಾತ್ರ ಇದಕ್ಕೆ ಬೆಲೆ.

## ಹಂತ 8: ಫಾರಂ ತುಂಬುವುದು, ಆಮೇಲೆ ಪರಿಶೀಲಿಸುವುದು

ಮೊದಲ ಆಯ್ಕೆ, ಎರಡನೇ ಆಯ್ಕೆ ಎರಡನ್ನೂ ತುಂಬಿ. ಎರಡನೆಯದನ್ನು ಸುಮ್ನೆ ಬರೆಯಬೇಡಿ. ಹೆಚ್ಚಿನ ಸಲ ಸಿಗುವುದು ಅದೇ. ಪೇಪರಿನ ಹೆಸರಿನ ಜೊತೆ ಕೋಡ್ ಕೂಡ ಬರೆಯಿರಿ, ಫಾರಂನ ಫೋಟೊ ತೆಗೆದಿಟ್ಟುಕೊಳ್ಳಿ.

ರಾಜ್ಯ ವಿಶ್ವವಿದ್ಯಾಲಯಗಳ ಕಾಲೇಜಿನಲ್ಲಿದ್ದರೆ ಪ್ರವೇಶ, ಪರೀಕ್ಷೆಗಳ ದಾಖಲೆ ಇರುವ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನಿಮ್ಮ ಖಾತೆಗೆ ಹೋಗಿ, ನಿಮ್ಮ ಹೆಸರಿನಲ್ಲಿ ಯಾವ ಪೇಪರ್ ದಾಖಲಾಗಿದೆ ನೋಡಿ. ಕಾಲೇಜಿನಲ್ಲಿ ಕೊಟ್ಟ ಫಾರಂ ಒಂದು, ಪೋರ್ಟಲ್‌ನಲ್ಲಿ ಏರಿದ್ದು ಇನ್ನೊಂದು ಆಗಬಹುದು. ಸೆಮಿಸ್ಟರ್ ಶುರುವಿನಲ್ಲಿ ಇದನ್ನು ಸರಿ ಮಾಡಿಸುವುದು ಸುಲಭ. ಪರೀಕ್ಷಾ ಶುಲ್ಕ ಕಟ್ಟುವಾಗ ಗೊತ್ತಾದರೆ ಓಡಾಟ ಜಾಸ್ತಿ. ಹಾಲ್ ಟಿಕೆಟ್ ಬಂದ ಮೇಲೆ ಗೊತ್ತಾದರೆ ನೀವು ಓದದ ಪೇಪರ್ ಬರೆಯುವ ಸ್ಥಿತಿ ಬರುತ್ತದೆ.

ಟೈಮ್‌ಟೇಬಲ್ ಬಂದ ದಿನವೇ ಓಪನ್ ಎಲೆಕ್ಟಿವ್ ಮತ್ತು ನಿಮ್ಮ ವಿಷಯದ ಎಲೆಕ್ಟಿವ್ ಒಂದೇ ಹೊತ್ತಿಗೆ ಬಿದ್ದಿದೆಯಾ ನೋಡಿ. ಬಿದ್ದಿದ್ದರೆ ಮೊದಲ ವಾರದಲ್ಲೇ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಯಾರಿಗೂ ನೆನಪಿರುವುದಿಲ್ಲ.

## ಹಂತ 9: ಬೇಕಾದದ್ದು ಸಿಗದಿದ್ದರೆ, ಅಥವಾ ಈಗಾಗಲೇ ತಪ್ಪು ಪೇಪರ್ ತೆಗೆದುಕೊಂಡಿದ್ದರೆ

ಮೊದಲು ನಿಮ್ಮ ಕೊರತೆ ಯಾವ ಬಗೆಯದು ನೋಡಿ. ಕಲಿಕೆಯ ಕೊರತೆಯಾದರೆ ತುಂಬಿಕೊಳ್ಳಬಹುದು. ಅರ್ಹತೆಯ ಕೊರತೆಯಾದರೆ ಸರ್ಟಿಫಿಕೇಟ್ ಕೋರ್ಸ್‌ನಿಂದ ತುಂಬುವುದಿಲ್ಲ.

ಕಲಿಕೆಯ ಕೊರತೆಗೆ: ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಎಕನಾಮೆಟ್ರಿಕ್ಸ್, ಸಂಖ್ಯಾಶಾಸ್ತ್ರದ ಪಾಠಗಳು ಉಚಿತ. ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಪರೀಕ್ಷಾ ಶುಲ್ಕ. ಕ್ರೆಡಿಟ್ ವರ್ಗಾವಣೆ ಬೇಕಿದ್ದರೆ ಕೋರ್ಸ್‌ಗೆ ಸೇರುವ ಮೊದಲೇ ನಿಮ್ಮ ಕಾಲೇಜು ಒಪ್ಪುತ್ತದಾ ಅಂತ ಬರಹದಲ್ಲಿ ಪಡೆಯಿರಿ. ಆರ್, ಪೈಥಾನ್, ಗ್ರೆಟ್ಲ್ ಮೂರೂ ಉಚಿತ ತಂತ್ರಾಂಶ. ಸ್ಟೇಟಾಕ್ಕೆ ಹಣ ಕೊಡಬೇಕು, ಕಲಿಯುವ ಹಂತದಲ್ಲಿ ಅದು ಬೇಕಾಗಿಲ್ಲ.

ಸರ್ಟಿಫಿಕೇಟ್‌ಗಿಂತ ಒಂದು ಪ್ರಾಜೆಕ್ಟ್ ಹೆಚ್ಚು ಮಾತನಾಡುತ್ತದೆ. ಕೇಂದ್ರ ಅಂಕಿಅಂಶ ಸಚಿವಾಲಯ 2017-18ರಿಂದ ಪಿಎಲ್‌ಎಫ್‌ಎಸ್ ಎಂಬ ಉದ್ಯೋಗ ಸಮೀಕ್ಷೆ ನಡೆಸುತ್ತಿದೆ. ಅದರ ಮೂಲ ಡೇಟಾ ಉಚಿತವಾಗಿ ಸಿಗುತ್ತದೆ. ಒಂದು ಸಣ್ಣ ಪ್ರಶ್ನೆ ಇಟ್ಟುಕೊಳ್ಳಿ: ಕರ್ನಾಟಕದ ನಗರಗಳಲ್ಲಿ ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಕೆಲಸದಲ್ಲಿದ್ದಾರೆ? ಡೇಟಾ ಇಳಿಸಿ, ಕರ್ನಾಟಕವನ್ನು ಬೇರ್ಪಡಿಸಿ, ಲೆಕ್ಕ ಹಾಕಿ. ಇಲ್ಲಿ ಹೊಸಬರೆಲ್ಲ ಮಾಡುವ ತಪ್ಪು ಒಂದಿದೆ: ಮಲ್ಟಿಪ್ಲೈಯರ್ ಬಳಸದೆ ಸಾಲುಗಳನ್ನು ನೇರವಾಗಿ ಎಣಿಸುವುದು. ಸಮೀಕ್ಷೆಯಲ್ಲಿ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನುವುದು ಆ ಕಾಲಂನಲ್ಲಿ ಇರುತ್ತದೆ. ಅದನ್ನು ಬಿಟ್ಟರೆ ಬರುವ ಶೇಕಡಾವಾರು ತಪ್ಪು. ನಿಮ್ಮ ಉತ್ತರವನ್ನು ಪ್ರಕಟಿತ ವರದಿಯ ಅಂಕಿಯ ಜೊತೆ ಹೋಲಿಸಿ. ಹೊಂದಿದರೆ ಎರಡು ಪುಟದ ಬರಹ ಮಾಡಿ, ಕೋಡ್ ಜೊತೆಗಿಡಿ. ಸಂದರ್ಶನದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆರನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಅಥವಾ ಇಂಟರ್ನ್‌ಶಿಪ್ ಇದ್ದರೆ ಇದನ್ನೇ ಅದಕ್ಕೆ ಬಳಸಿ, ಕ್ರೆಡಿಟ್ ಕೂಡ ಸಿಗುತ್ತದೆ.

ಅರ್ಹತೆಯ ಕೊರತೆಗೆ: ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ವಿಷಯವಾಗಿ ಇಲ್ಲದವರು ಸಂಖ್ಯಾಶಾಸ್ತ್ರ ಸೇವೆಯ ದಾರಿಯನ್ನು ಸದ್ಯ ಬಿಟ್ಟು, ಎಂಎ ಅರ್ಥಶಾಸ್ತ್ರದ ಮೂಲಕ ಆರ್ಥಿಕ ಸೇವೆ ಅಥವಾ ರಿಸರ್ವ್ ಬ್ಯಾಂಕ್ ಕಡೆ ತಿರುಗುವುದು ಒಳ್ಳೆಯದು. ಇನ್ನೂ ಮೊದಲ ವರ್ಷದಲ್ಲಿದ್ದು ವಿಷಯಗಳ ಕಾಂಬಿನೇಷನ್ ಬದಲಾಯಿಸಲು ಅವಕಾಶ ಇದ್ದರೆ, ಕೊನೆಯ ದಿನಾಂಕ ಯಾವಾಗ ಅಂತ ಕಾಲೇಜು ಕಚೇರಿಯಲ್ಲಿ ಈ ವಾರವೇ ವಿಚಾರಿಸಿ. ಬದಲಾವಣೆ ಅರ್ಜಿಗೆ ಪ್ರಾಂಶುಪಾಲರ ಸಹಿ ಬೇಕಾಗಬಹುದು, ಆದ್ದರಿಂದ ಮಾರ್ಕ್ಸ್ ಕಾರ್ಡ್ ಪ್ರತಿ ಮತ್ತು ಹಂತ 1ರಲ್ಲಿ ಬರೆದುಕೊಂಡ ಅಧಿಸೂಚನೆಯ ಪುಟ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.